ಎರಡು ಬೆರಳು ಸೊಟ್ಟ

ಈ ಕಥೆಯನ್ನು ಮೊದಲು ಹೇಳಿದವರು ಗರಗಸದ ಹಲ್ಲುಗಳಿಗೆ ಅರ ಹಾಕಿ ಹರಿತ ಮಾಡುವ ಅಜ್ಜಿ; ಹೇಳಿದ್ದು ಹೋದ ಬೇಸಿಗೆಯಲ್ಲಿ, ಕರೆಂಟು ಹೋಗಿ ಮರದ ಮಿಲ್ಲಿನ ಚಕ್ರ ನಿಂತ ಒಂದು ಮಧ್ಯಾಹ್ನ. ಏಳೆಂಟು ಜನ ಬಡಗಿಗಳು ದಿಮ್ಮಿಗಳ ಮೇಲೆ ಕುಳಿತು ಕೇಳಿದರು. ಅಜ್ಜಿ ಹೇಳಿದ ಕ್ರಮದಲ್ಲಿಯೇ ಇಲ್ಲಿ ಬರೆದಿದೆ.

ಒಬ್ಬ ಬಡಗಿ ಮೇಸ್ತ್ರಿ. ಸೊಟ್ಟಗಿರುವುದನ್ನು ಕಂಡರೆ ಅವನಿಗೆ ಅನ್ನ ಸೇರದು. ಜೇಬಿನಲ್ಲಿ, ಗಾಜಿನ ನಳಿಗೆಯೊಳಗಿನ ಗುಳ್ಳೆಯಿಂದ ಮಟ್ಟ ತೋರಿಸುವ ಗೇಣುದ್ದದ ರಸಮಟ್ಟ ಸದಾ ಇರುತ್ತಿತ್ತು. ಕಂಡವರ ಮನೆಗೆ ಹೋದರೂ ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡಿದ ಮೇಲೆಯೇ ಕುಶಲ ವಿಚಾರಿಸುತ್ತಿದ್ದ. ಆದರೆ ದೀಪದ ಬುಡದಲ್ಲಿ ಕತ್ತಲೆ: ಊರಿಗೆಲ್ಲ ಕಪಾಟು ಮಾಡಿಕೊಟ್ಟವನು ಸ್ವಂತ ಮನೆಗೆ ಒಂದು ಮಣೆಯನ್ನೂ ಮಾಡಿರಲಿಲ್ಲ. ಆದ್ದರಿಂದ, ತೀರಿಹೋದ ತನ್ನ ಅಕ್ಕನ ಕಿಟಕಿಯಿಂದ ಅವನ ಹೆಂಡತಿ ಒಂದು ಗಿಡದ ಕುಡಿಯನ್ನು ಚಿವುಟಿ ತಂದಾಗ, ಅದಕ್ಕೊಂದು ತೂಗುಹಾಕುವ ತೊಟ್ಟಿ ಮಾಡಿಕೊಡಿ ಎಂದು ಅವನನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಅಕ್ಕನ ಮನೆ ಬೇರೆಯವರ ಪಾಲಾಗಿತ್ತು. ಆಮೇಲೆ ಅವರು ಗಿಡವನ್ನು ಕಿತ್ತೆಸೆದರು. ಉಳಿದದ್ದು ಆ ಒಂದೇ ಕುಡಿ. ದಪ್ಪ ಎಲೆಯದು, ಬೇರಿಗೆ ನೀರು ನಿಂತರೆ ಕೊಳೆಯುವ ಜಾತಿ.

ಮೂಲೆಯ ಚೂರುಪಾರುಗಳ ರಾಶಿಯಿಂದ ಅವಳು ಹಣ್ಣಿನ ಪೆಟ್ಟಿಗೆಯ ಮೂರು ತೆಳು ಹಲಗೆ, ಹಳೆಯ ಕಿಟಕಿಯ ಎರಡು ತುಂಡು ಆಯ್ದಳು. ಮೊಳೆ ಹೊಡೆದಳು, ಎರಡು ಡೊಂಕಾದವು. ಕೀಸುಳಿಯಿಂದ ಉದುರಿದ ಮರದ ಸುರುಳಿಗಳನ್ನು ಹೂವಿನಂತೆ ಜೋಡಿಸಿ ಮುಂಭಾಗಕ್ಕೆ ಅಂಟಿಸಿದಳು. ಅಡಿಯಲ್ಲಿ, ಎಡಮೂಲೆಗೆ, ಒಂದೇ ಒಂದು ತೂತು ಕೊರೆದಳು. ಮಣ್ಣು ತುಂಬಿ, ಕುಡಿ ನೆಟ್ಟು, ಜಗಲಿಯ ತೊಲೆಗೆ ಎರಡು ಹಗ್ಗದಲ್ಲಿ ತೂಗುಹಾಕಿದಳು.

“ಇದೇನೇ, ಪೆಟ್ಟಿಗೆಗೆ ವಾತ ಬಡಿದಿದ್ಯಾ? ಎಡಕ್ಕೆ ವಾಲಿದೆ!” ಎಂದ ಮೇಸ್ತ್ರಿ, ಮನೆಯೊಳಕ್ಕೆ ಕಾಲಿಡುವ ಮುಂಚೆಯೇ.

“ವಾಲಿರ್ಲಿ ಬಿಡಿ.”

“ಎರಡು ಬೆರಳು ಸೊಟ್ಟ ಕಣೇ! ನಾಲ್ಕು ಜನ ನೋಡಿದ್ರೆ ಮೇಸ್ತ್ರಿ ಮನೇಲಿ ಹೀಗಾ ಅಂತಾರೆ.”

“ಮೇಸ್ತ್ರಿ ಮಾಡಿದ್ದಲ್ಲ, ಮೇಸ್ತ್ರಿ ಹೆಂಡತಿ ಮಾಡಿದ್ದು ಅನ್ನಿ. ಮುಟ್ಟಿದ್ರೆ ಮಾತ್ರ ನೋಡಿ!”

ಮೂರು ದಿನ ತಡೆದುಕೊಂಡ. ಅವನ ಕುರ್ಚಿಯಿದ್ದದ್ದು ತೊಟ್ಟಿಯ ಬಲತುದಿಯ ಕೆಳಗೆ. ಬೆಳಗಿನ ಚಹಾ, ಪೇಪರು ಎಲ್ಲ ಅಲ್ಲಿಯೇ. ಪೇಪರಿನ ಅಂಚಿನಾಚೆ ಆ ವಾಲು ಕಣ್ಣಿಗೆ ಮುಳ್ಳಾಗಿ ಚುಚ್ಚುತ್ತಿತ್ತು. ನಾಲ್ಕನೆಯ ದಿನ ಅವಳು ಹಿಟ್ಟಿನ ಗಿರಣಿಗೆ ಹೊರಟದ್ದೇ ತಡ, ಕುರ್ಚಿ ಹತ್ತಿ, ಎಡಗಡೆಯ ಹಗ್ಗವನ್ನು ಎರಡು ಬೆರಳು ಮೇಲೆಳೆದು ಗಂಟು ಹಾಕಿದ. ರಸಮಟ್ಟದ ಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಂತಿತು. ಅಂದು ಎರಡು ತುತ್ತು ಹೆಚ್ಚೇ ಉಂಡ. ಅವಳ ಕಣ್ಣು ಕುಡಿಯ ಮೇಲಿತ್ತೇ ಹೊರತು ಹಗ್ಗದ ಮೇಲಿರಲಿಲ್ಲ.

ಹತ್ತು ದಿನಕ್ಕೆ ಎಲೆಗಳು ಹಳದಿಯಾದವು; ಮುಟ್ಟಿದರೆ ಬೆಂದ ಬಟಾಣಿಯ ಹಾಗೆ ಮೆತ್ತಗೆ. ಅವಳು ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕುಳಿತಳು. “ಅಕ್ಕ ಇಪ್ಪತ್ತು ವರ್ಷ ಉಳಿಸ್ಕೊಂಡಿದ್ಳು. ನನ್ನ ಹತ್ರ ಒಂದು ತಿಂಗಳೂ ಬಾಳ್ಲಿಲ್ಲ. ನನ್ನ ಕೈಗುಣಾನೇ ಇಷ್ಟು.”

ಮೇಸ್ತ್ರಿ ಪೇಪರು ಮಡಚಿ ಕುರ್ಚಿಯಿಂದ ಏಳಹೊರಟಾಗ, ಅವನ ಬೋಳುತಲೆಯ ನಟ್ಟನಡುವೆ ಒಂದು ಹನಿ ಬಿತ್ತು. ಒರೆಸಿಕೊಂಡ. ಇನ್ನೊಂದು ಬಿತ್ತು. ತಲೆಯೆತ್ತಿದ. ತೆಳು ಹಲಗೆ ನೆನೆದು ಬಲತುದಿಯಲ್ಲಿ ಕೆಳಕ್ಕೆ ಬಾಗಿ, ನೀರೆಲ್ಲ ಅಲ್ಲಿ ಮಡುಗಟ್ಟಿ, ಸಂದಿನಿಂದ ಜಿನುಗುತ್ತಿತ್ತು. ಎಡಮೂಲೆಯ ತೂತಿನ ಕೆಳಗೆ ಅವಳು ಇಟ್ಟಿದ್ದ ಕೊತ್ತಂಬರಿ ಬೆಳೆಸುವ ಡಬ್ಬದ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ನಲವತ್ತು ವರ್ಷದ ಕಸುಬಿಗೆ ಇನ್ನು ಬಿಡಿಸಿ ಹೇಳಬೇಕಾದ್ದು ಏನೂ ಇರಲಿಲ್ಲ.

“ಲೇ, ಕೈ ನಿಂದಲ್ಲ, ನಂದು,” ಎಂದ. “ಎಡಗಡೆ ಹಗ್ಗ ಬಿಗಿದಿದ್ದು ನಾನು.”

“ಮುಟ್ಬೇಡಿ ಅಂದಿರ್ಲಿಲ್ವಾ?”

“ಸೊಟ್ಟ ಇತ್ತಲ್ಲೇ...”

“ಸೊಟ್ಟ ಇರ್ಲಿ ಅಂತಾನೇ ಕಟ್ಟಿದ್ದು! ನೀರು ಆ ಕಡೆ ಹರಿದುಹೋಗ್ಲಿ, ಕೆಳಗೆ ಕೂತು ಪೇಪರ್ ಓದೋ ಮಹಾರಾಯರ ಬೋಳುತಲೆ ಮೇಲೆ ಬೀಳ್ದೇ ಇರ್ಲಿ ಅಂತ!”

ಮೇಸ್ತ್ರಿ ಎದ್ದು ಕುರ್ಚಿ ಹತ್ತಿದ. ತೊಟ್ಟಿಯನ್ನು ಹಸುಗೂಸಿನಂತೆ ಇಳಿಸಿಕೊಂಡು, ತನ್ನ ಅತಿ ಸಣ್ಣ ಉಳಿಯಿಂದ ಕೊಳೆತದ್ದನ್ನೆಲ್ಲ ಕೊಯ್ದು ತೆಗೆದ. ಉಗುರಿನಷ್ಟು ಹಸಿರು ಉಳಿಯಿತು. ಎರಡು ದಿನ ನೆರಳಿನಲ್ಲಿ ಆರಿಸಿ, ಒಣ ಮರಳು ತುಂಬಿ, ಇಬ್ಬರೂ ಸೇರಿ ಅದನ್ನು ನೆಟ್ಟರು. ಅವನು ಕುರ್ಚಿ ಹತ್ತಿ ಹಗ್ಗ ಹಿಡಿದ, ಅವಳು ಕೆಳಗೆ ನಿಂತು, “ಇಳಿಸಿ... ಇನ್ನೂ ಸ್ವಲ್ಪ... ಹಾಂ, ಅಷ್ಟು ಸೊಟ್ಟ!” ಎಂದಳು. ಅವನು ರಸಮಟ್ಟವನ್ನು ತೊಟ್ಟಿಯ ಮೇಲಿಟ್ಟು, ಗುಳ್ಳೆ ಹೋಗಿ ನಿಂತಲ್ಲಿ ಮೊಳೆಯಿಂದ ಒಂದು ಗೆರೆ ಗೀಚಿದ. ಎಲ್ಲ ಬಡಗಿಗಳ ರಸಮಟ್ಟಕ್ಕೆ ಎರಡು ಗೆರೆ, ಅವನದಕ್ಕೆ ಮೂರು. ವಾರಕ್ಕೊಮ್ಮೆ ಕುರ್ಚಿ ಹತ್ತಿ, ಗುಳ್ಳೆ ಮೂರನೆಯ ಗೆರೆಯಲ್ಲಿಯೇ ಇದೆಯೇ ಎಂದು ಇಂದಿಗೂ ನೋಡುತ್ತಾನಂತೆ.

“ಕುಡಿ ಬದುಕ್ತಾ ಅಜ್ಜಿ?” ಎಂದು ಒಬ್ಬ ಕೇಳಿದ.

“ನನ್ನ್ಯಾಕೆ ಕೇಳ್ತೀಯಪ್ಪಾ?” ಎಂದು ಅಜ್ಜಿ ಅರವನ್ನು ಬಟ್ಟೆಯಲ್ಲಿ ಸುತ್ತತೊಡಗಿದರು.

“ಈಗ ಆರು ಎಲೆ,” ಎಂದಿತು ಹಿಂದಿನ ದಿಮ್ಮಿಯಿಂದ ಒಂದು ಧ್ವನಿ.

ಕರೆಂಟು ಸಂಜೆಯಾದರೂ ಬರಲಿಲ್ಲ. ಕೇಳಿದವರು ಬಟ್ಟೆಯ ಮೇಲಿನ ಮರದ ಪುಡಿ ಕೊಡವಿಕೊಂಡು ಎದ್ದು ಮನೆಗಳಿಗೆ ಹೋದರು. ಎಲೆಯ ಲೆಕ್ಕ ಹೇಳಿದ ಬೋಳುತಲೆಯವರು ಎಲ್ಲರಿಗಿಂತ ಕಡೆಗೆ ಹೊರಟರು. ಬಾಗಿಲ ಬಳಿ, ಗೋಡೆಯಲ್ಲಿ ವಾಲಿ ನೇತಾಡುತ್ತಿದ್ದ ಕ್ಯಾಲೆಂಡರಿನತ್ತ ಅವರ ಕೈ ತಾನಾಗಿ ಚಾಚಿತು, ಅರ್ಧದಲ್ಲಿಯೇ ನಿಂತಿತು. ಆಮೇಲೆ ಆ ಕೈಯಿಂದ ತಲೆಯನ್ನೊಮ್ಮೆ ಸವರಿಕೊಂಡು, ಹೊರಗೆ ನಡೆದರು.