ನೀರಿನ ಹದ

"ನೀರು ಹಾಕುವಾಗ ಮಗುವಿಗೆ ಉಸಿರು ಇತ್ತಾ?"

ಫಾದರ್ ಕೇಳಿದ್ದು ಇದು ಎರಡನೆಯ ಸಲ. ಆಸ್ಪತ್ರೆಯ ಕಾರಿಡಾರಿನ ಬೆಂಚಿನಲ್ಲಿ, ಮೊಣಕಾಲ ಮೇಲೆ ಸಣ್ಣ ಪುಸ್ತಕ ಬಿಚ್ಚಿಟ್ಟು ಕೂತಿದ್ದರು. ಎದುರಿಗೆ ಹೆರಿಗೆ ವಾರ್ಡಿನ ಆಯಾ ಚಂದ್ರಾವತಿ, ಕೈಯಲ್ಲಿ ಇನ್ನೂ ನೀರು ಹಾಕಿದ ಸ್ಟೀಲಿನ ಲೋಟ. ಮಗುವಿನ ಅಪ್ಪ ಕಜೆಟನ್ ಗೋಡೆಗೆ ಹಣೆ ಕೊಟ್ಟು ನಿಂತಿದ್ದ.

"ಹೆದರಬೇಡಿ," ಎಂದರು ಫಾದರ್. "ನೀವು ಹಿಂದೂ ಅಂತ ತೊಂದರೆ ಏನಿಲ್ಲ. ಸಾಯುವ ಮಗುವಿಗೆ ಯಾರು ನೀರು ಹಾಕಿ ಆ ಮಾತು ಹೇಳಿದರೂ ಅದು ದೀಕ್ಷಾಸ್ನಾನವೇ. ಸತ್ತ ಮೇಲೆ ಹಾಕಿದರೆ ಮಾತ್ರ ಬರೀ ನೀರು. ಮಣ್ಣು ಹೇಗೂ ಮಾಡುವಾ. ಇಗರ್ಜಿಯ ದಫ್ತರದಲ್ಲಿ ಹೆಸರು ಬರೆಯುವುದಾ ಬೇಡವಾ, ಅಷ್ಟೇ ನನಗೆ ಗೊತ್ತಾಗಬೇಕು."

"ಊರಲ್ಲಿ ನನ್ನ ಹೆಂಡತಿಯ ಅಕ್ಕನ ಮಗುವನ್ನು ಹೆಸರಿಲ್ಲದೆ ಸ್ಮಶಾನದ ಗೋಡೆಯ ಬದಿಗೆ ಹಾಕಿದ್ರು," ಕಜೆಟನ್ ತಿರುಗದೆ ಹೇಳಿದ. "ಒಂದು ಶಿಲುಬೆ ಸಹ ಇಡ್ಲಿಲ್ಲ. ವಾಯೊಲೆಟ್‌ಗೆ ಅದೇ ಹೆದರಿಕೆ."

ಅಂದು ಶುಕ್ರವಾರ. ಬಹರೈನಿನಲ್ಲಿ ರಜೆ ಅಂದೇ ಆದ್ದರಿಂದ ವಾರದ ಪೂಜೆಗೂ ಎಲ್ಲರೂ ಅಂದೇ ಇಗರ್ಜಿಗೆ ಹೋಗುವುದು. ವಾರ್ಡಿನ ಒಬ್ಬಳೇ ಕ್ರೈಸ್ತ ನರ್ಸ್ ಸಿಸ್ಟರ್ ಪೆಟ್ರೊನಿಲ್ಲಾ ಕೂಡ ಹೋಗಿದ್ದಳು. ಏಳು ತಿಂಗಳಿಗೇ ಹುಟ್ಟಿದ ಗಂಡು ಮಗು ಎದುರು ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಬೆರಳುದ್ದದ ಎದೆಯನ್ನು ಏರಿಸಿ ಇಳಿಸಿ ದಣಿಯುತ್ತಿತ್ತು. ಇನ್ನು ಹೆಚ್ಚು ಹೊತ್ತಿಲ್ಲ ಎಂದು ಡಾಕ್ಟರು ಹೇಳಿದಾಗ ಕಜೆಟನ್ ಫಾದರನ್ನು ಕರೆತರಲು ಟ್ಯಾಕ್ಸಿ ಹಿಡಿದು ಓಡಿದ್ದ. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು, ಕೈಗೆ ಡ್ರಿಪ್ ಚುಚ್ಚಿಸಿಕೊಂಡು ಮಲಗಿದ್ದ ವಾಯೊಲೆಟ್ ಕೊನೆಗೆ ನೆಲ ಒರೆಸುತ್ತಿದ್ದ ಚಂದ್ರಾವತಿಯ ಸೆರಗು ಹಿಡಿದಳು.

"ಅವರು ಬರುವ ತನಕ ಅವ ಕಾಯುವುದಿಲ್ಲ ಚಂದ್ರಕ್ಕ. ನೀವೇ ಹಾಕಿ. ತಲೆಗೆ ಮೂರು ಸಲ ನೀರು. ಪಿತನ, ಪುತ್ರನ, ಪವಿತ್ರಾತ್ಮನ ಹೆಸರಲ್ಲಿ ಕೊಸ್ಮಸ್ ನಿನಗೆ ದೀಕ್ಷಾಸ್ನಾನ ಕೊಡ್ತೇನೆ ಅಂತ ಹೇಳಿ. ನನ್ನ ಮಾವನ ಹೆಸರು ಅದು."

"ನಾನಾ? ನಾನು ಮಾರಿಗುಡಿಗೆ ಹರಕೆ ಹೇಳುವವಳು ಬಾಯಮ್ಮ."

"ಹೇಳಿಕೊಳ್ಳಿ. ಯಾರು ಬೇಡ ಅಂದದ್ದು. ಈಗ ನೀರು ಹಾಕಿ."

ಚಂದ್ರಾವತಿ ಲೋಟ ತೆಗೆದುಕೊಂಡು ನಲ್ಲಿ ತಿರುಗಿಸಿದಳು. ಆಗಸ್ಟಿನ ಮಧ್ಯಾಹ್ನ. ಮಾಳಿಗೆಯ ಟ್ಯಾಂಕಿಯಲ್ಲಿ ಕಾದ ನೀರು ಬೆರಳು ಸುಟ್ಟಿತು. ಇಂಥದ್ದನ್ನು ಆ ಎಳೆ ನೆತ್ತಿಗೆ ಸುರಿಯುವುದು ಹೇಗೆ? ಕಾರಿಡಾರಿನ ಕೊನೆಯ ಕೂಲರಿಗೆ ಓಡಿದಳು. ಅಲ್ಲಿಯದು ಐಸಿನಂತೆ ಕೊರೆಯುತ್ತಿತ್ತು. ಅದನ್ನು ಅರ್ಧ ತುಂಬಿಕೊಂಡು ಬಂದು, ನಲ್ಲಿಯದನ್ನು ಬೆರೆಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿದಳು. ಜಾಸ್ತಿ ಬಿಸಿ. ಸ್ವಲ್ಪ ಚೆಲ್ಲಿ, ಮತ್ತೆ ಕೂಲರಿಗೆ ಹೋಗಿ, ಮತ್ತೆ ನೋಡಿದಳು. ಮೂರು ಮಕ್ಕಳನ್ನು ಮೀಯಿಸಿದ ಕೈ ಅದು. ಹದ ಸಿಗದೆ ಮುಂದೆ ಹೋಗಲು ಅದಕ್ಕೆ ಬರುತ್ತಿರಲಿಲ್ಲ.

ಹದ ಸಿಕ್ಕಿತು. ಗಾಜಿನ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಮಗುವಿನ ಎದೆ ಇಳಿದಲ್ಲೇ ನಿಂತಿತ್ತು. ಅವಳು ಬೆರಳನ್ನು ಮೂಗಿನ ಹತ್ತಿರ ಹಿಡಿದಳು. ತುಂಬ ಹೊತ್ತು ಹಿಡಿದಳು. ಆಮೇಲೆ ಮೂರು ಸಲ ನೀರು ಹಾಕಿ, ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ನೀರು ನೆತ್ತಿಯಿಂದ ಕಿವಿಗೆ ಇಳಿಯಿತು. ಮಗು ಅಲುಗಲಿಲ್ಲ.

ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಇತ್ತು ಫಾದರ್," ಎಂದಳು ಚಂದ್ರಾವತಿ.

ಫಾದರ್ ಪೆನ್ನಿನ ಟೊಪ್ಪಿ ತೆಗೆಯದೆ ಅವಳ ಮುಖವನ್ನೇ ನೋಡಿದರು. "ಸರಿಯಾಗಿ ನೋಡಿದ್ದೀರಾ?"

"ನನ್ನ ಮೂರು ಮಕ್ಕಳ ಆಣೆ."

"ಆಣೆ ಬೇಡ, ಬೇಡಮ್ಮ," ಎಂದು ಅವರು ಕೈ ಎತ್ತುವಷ್ಟರಲ್ಲಿ ಮಾತು ಬಾಯಿ ದಾಟಿಯಾಗಿತ್ತು. ಕಾಪುವಿನ ಮನೆಯಲ್ಲಿ ಆ ಮೂವರೂ ಈಗ ಊಟ ಮುಗಿಸಿ ಚಾಪೆಯ ಮೇಲೆ ಬಿದ್ದುಕೊಂಡಿರುವ ಹೊತ್ತು. ಚಿಕ್ಕವನಿಗೆ ಜ್ವರ ಎಂದು ಹೋದ ವಾರದ ಕಾಗದದಲ್ಲಿ ಅಜ್ಜಿ ಬರೆಸಿದ್ದಳು. ಚಂದ್ರಾವತಿ ಮನಸ್ಸಿನಲ್ಲೇ ಮಾರಿಗುಡಿಗೆ ಒಂದು ಹರಕೆ ಹೇಳಿಕೊಂಡಳು. ಫಾದರ್ ಬರೆಯತೊಡಗಿದರು: ಕೊಸ್ಮಸ್, ತಂದೆ ಕಜೆಟನ್, ತಾಯಿ ವಾಯೊಲೆಟ್. ನೀರು ಹಾಕಿದವರು ಎಂಬಲ್ಲಿ ಅವಳ ಹೆಸರು.

ವಾರ್ಡಿನಲ್ಲಿ ವಾಯೊಲೆಟ್ ಬಾಗಿಲನ್ನೇ ನೋಡುತ್ತಿದ್ದಳು.

"ಬರೆದ್ರಾ?"

"ಬರೆದ್ರು ಬಾಯಮ್ಮ. ಕೊಸ್ಮಸ್ ಅಂತ."

ವಾಯೊಲೆಟ್ ಕಣ್ಣು ಮುಚ್ಚಿ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ಕೇಳಿದಳು, "ನೀರು ಬಿದ್ದಾಗ ಎಂತ ಮಾಡಿದ ಚಂದ್ರಕ್ಕ? ನಾನು ನೋಡ್ಲೇ ಇಲ್ಲ ಅಲ್ವಾ."

ಚಂದ್ರಾವತಿ ದಿಂಬನ್ನು ಸರಿ ಮಾಡಿದಳು. "ಮುಖ ಕಿವುಚಿದ. ನನ್ನ ಮೇಲೆ ಸಿಟ್ಟು ಬಂದಿರಬೇಕು."

"ಅಪ್ಪನ ಹಾಗೇ. ತಲೆಗೆ ನೀರು ಬಿದ್ರೆ ಅವರಿಗೂ ಜಗಳವೇ." ವಾಯೊಲೆಟಳ ತುಟಿ ನಗಲು ಹೋಗಿ ಅಲ್ಲೇ ನಿಂತಿತು. "ಇನ್ನೊಮ್ಮೆ ಹೇಳಿ."

ಚಂದ್ರಾವತಿ ಇನ್ನೊಮ್ಮೆ ಹೇಳಿದಳು. ಈ ಸಲ ಅವಳ ಮಾತಿನಲ್ಲಿ ಮಗು ಮುಷ್ಟಿ ಬಿಚ್ಚಿ ಅವಳ ಬೆರಳು ಹಿಡಿಯಿತು. ಹೊರಗೆ ಕಜೆಟನ್, ಎರಡು ಗೇಣಿನ ಮರದ ಪೆಟ್ಟಿಗೆ ಎಲ್ಲಿ ಸಿಗುತ್ತದೆಂದು ಯಾರನ್ನೋ ಕೇಳುತ್ತಿದ್ದ. ವಾಯೊಲೆಟ್ ಮತ್ತೆ ಮತ್ತೆ ಹೇಳಿಸಿಕೊಂಡಳು. ನಾಲ್ಕನೆಯ ಸಲ ಹೇಳುವಾಗ ಮಗು ಸೀನಿತು.