ಹನಿಮಾವನ ಜಾಡಿ

“ಅಲ್ಲಾ ಮೇಡಂ, ಮೂವತ್ತೊಂದು ವರ್ಷ ದಿನಾ ಇದರ ನಾಡಿ ಹಿಡಿದು ನೋಡಿದೋನು ನಾನು. ಶನಿವಾರ ನಿವೃತ್ತಿ ಆಗ್ತಿದೀನಿ. ಹೋಗೋ ಹೊತ್ತಲ್ಲಿ ನನ್ನ ಕಟ್ಟೆಗೆ ‘ಅತಿ ಅಪಾಯ’ ಅಂತ ಬರೆದುಬಿಡೋದಾ?”

ತಪಾಸಣೆಗೆ ಬಂದಿದ್ದ ಇಂಜಿನಿಯರಮ್ಮ ನಕ್ಕಳು. ಅಣೆಕಟ್ಟಿನ ಬುಡಕ್ಕೆ ಮೆಟ್ಟಿಲು ಇಳಿಯುತ್ತಲೇ ಕೈಯಲ್ಲಿದ್ದ ನಮೂನೆ ತೋರಿಸಿದಳು. “ಕೋಪ ಮಾಡ್ಕೋಬೇಡಿ ಯಜಮಾನ್ರೇ, ಇಲ್ಲಿ ಎರಡು ಕಾಲಂ ಇದೆ. ‘ಸ್ಥಿತಿ: ತೃಪ್ತಿಕರ.’ ಇದು ಕಟ್ಟೆಗೆ ಕೊಟ್ಟಿರೋ ಮಾರ್ಕು. ‘ಅಪಾಯದ ದರ್ಜೆ: ಅತಿ ಹೆಚ್ಚು.’ ಅಕಸ್ಮಾತ್ ಒಡೆದರೆ ಕೆಳಗೆ ಎಷ್ಟು ಜೀವ ಹೋಗುತ್ತೆ ಅನ್ನೋದು ಇದು. ಕಟ್ಟಿದಾಗ ಕೆಳಗೆ ಬರೀ ಹುಲ್ಲುಗಾವಲು. ಈಗ ಬಡಾವಣೆ.”

“ಅಂದ್ರೆ, ಪಕ್ಕದ ಮನೇಲಿ ಮಕ್ಕಳು ಜಾಸ್ತಿ ಆದ್ರೆ ನಮ್ಮ ನಾಯಿ ಕಚ್ಚೋ ನಾಯಿ ಆಗೋಯ್ತು ಅಂದಂಗೆ!”

“ನಾಯಿ ಒಳ್ಳೇದೇ. ಸರಪಳಿ ಮೇಲೆ ಕಣ್ಣಿರಲಿ ಅಂತ ಅಷ್ಟೇ.”

ಕಚೇರಿಯಲ್ಲಿ ಎಲ್ಲರೂ ಅವನನ್ನು ಕರೆಯುವುದು ಹನಿಮಾವ ಅಂತಲೇ. ಪೇಟೆಗೆಲ್ಲ ಕುಡಿಯುವ ನೀರು ಕೊಡುವ ಆ ಅಣೆಕಟ್ಟಿಗೆ ಐವತ್ತೆಂಟು ವರ್ಷ. ಕಾಂಕ್ರೀಟಿನದಲ್ಲ, ಹೊಟ್ಟೆಗೆ ಜೇಡಿಮಣ್ಣು ಮೆತ್ತಿ, ಎರಡೂ ಕಡೆ ಬಂಡೆಗಲ್ಲು ಸುರಿದು ಎಬ್ಬಿಸಿದ ಗುಡ್ಡ. ಅಂಥದ್ದು ಒಂದಿಷ್ಟು ಜಿನುಗಿಯೇ ಜಿನುಗುತ್ತದೆ. ಆ ನೀರು ಒಂದು ಪೈಪಿನಿಂದ ಬುಡದ ಸಿಮೆಂಟು ತೊಟ್ಟಿಗೆ ಬಂದು ಬೀಳುತ್ತದೆ. ಅದನ್ನು ಅಳೆದು ಬರೆಯುವುದು, ಗಾಜಿನ ಜಾಡಿಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುವುದು ಹನಿಮಾವನ ಕೆಲಸ. ನೀರು ತಿಳಿಯಾಗಿದ್ದರೆ ಕಟ್ಟೆ ಬೆವರುತ್ತಿದೆ, ಚಿಂತೆಯಿಲ್ಲ. ಕದಡಿ ಬಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಆಮೇಲೆ ಗುಡ್ಡ ನಿಲ್ಲುವುದಿಲ್ಲ.

“ಎಲ್ಲಿ, ಇವತ್ತಿನ ಬೆವರು ನೋಡೋಣ” ಎಂದು ಇಂಜಿನಿಯರಮ್ಮ ತಾನೇ ಜಾಡಿಯನ್ನು ತೊಟ್ಟಿಗೆ ಅದ್ದಿ ಮೇಲೆತ್ತಿದಳು. ಹಾಲು ಹಾಕಿದ ಚಹಾದಂಥ ನೀರು. ಅವಳ ನಗು ಅಲ್ಲೇ ನಿಂತಿತು.

“ಯಜಮಾನ್ರೇ, ಇದು ಯಾವಾಗಿಂದ?”

“ನಿನ್ನೆ... ನಿನ್ನೆ ಕನ್ನಡಿ ಇದ್ದಂಗಿತ್ತು ಮೇಡಂ!”

ಅವಳ ಫೋನು ಆಗಲೇ ಕೈಗೆ ಬಂದಿತ್ತು. “ಗೇಟು ತೆಗೆಸಿ ನೀರು ಇಳಿಸಬೇಕು. ಸೈರನ್ ಹಾಕಿಸ್ತೀನಿ. ಮೊದಲ ಸಾಲಿನ ಮನೆಗಳು ಈಗಲೇ ಖಾಲಿ ಆಗಬೇಕು.”

“ಮೊದಲ ಸಾಲಲ್ಲೇ ನನ್ನ ಮಗಳ ಮನೆ!” ಹನಿಮಾವ ತೊಟ್ಟಿಯ ಅಂಚಿಗೆ ಕೈ ಊರಿ ನೀರಿನತ್ತ ಬಗ್ಗಿದ. “ಅಯ್ಯೋ, ನಾನೇ ಮೇಡಂ ಆ ಸೈಟು ಕೊಡಿಸಿದ್ದು. ಅಪ್ಪ ಮೇಲೆ ಕಾಯ್ತಾ ಕೂತಿರೋವಾಗ ನಿಂಗ್ಯಾಕೆ ಭಯ ಅಂದಿದ್ದೆ...”

ಕೈ ಊರಿದ ಜಾಗದಲ್ಲಿ ಏನೋ ಚುಚ್ಚಿತು. ತಂತಿ ಬ್ರಷ್ಷು. ಅದನ್ನೇ ದಿಟ್ಟಿಸಿ ನೋಡಿದವನು ಹಣೆ ಹಣೆ ಚಚ್ಚಿಕೊಂಡ.

“ತಡೀರಿ ಮೇಡಂ, ತಡೀರಿ! ತೊಟ್ಟಿ ತಿಕ್ಕಿದೆ!”

“ಏನು?”

“ನೀವು ಬರ್ತೀರಿ ಅಂತ ಬೆಳಗ್ಗೆ ತೊಟ್ಟಿ ತಿಕ್ಕಿದೆ. ಪಾಚಿ ಕಟ್ಟಿತ್ತು. ನೆಂಟರು ಬರೋ ಹೊತ್ತಿಗೆ ಮನೆ ಗಲೀಜಾಗಿದ್ರೆ ಮರ್ಯಾದೆ ಇರುತ್ತಾ? ತಳದ ಕೆಸರೆಲ್ಲ ಎದ್ದಿರಬೇಕು!”

“ಇರಬೇಕು ಅಂದ್ರೆ ಸಾಲದು. ಅದೂ ಇರಬಹುದು, ಒಳಗಿಂದಲೂ ಬರ್ತಿರಬಹುದು. ಪೈಪಿನ ಬಾಯಿಂದಲೇ ಹಿಡಿಯೋಕಾಗುತ್ತಾ?”

ಮಾತು ಮುಗಿಯುವ ಮೊದಲೇ ಹನಿಮಾವ ಜಾಡಿ ಕಸಿದುಕೊಂಡು, ಕೆಸರುನೀರು ಚೆಲ್ಲಿ ಬಂಡೆ ಏರಿದ್ದ. ಅರವತ್ತರ ಮೈ ಎಂದು ಯಾರೂ ಹೇಳುವಂತಿರಲಿಲ್ಲ. ಎರಡು ಕಲ್ಲುಗಳ ನಡುವೆ ಬೋರಲು ಬಿದ್ದು, ಜಾಡಿ ಹಿಡಿದ ತೋಳನ್ನು ಭುಜದವರೆಗೆ ಪೈಪಿನ ಬಾಯಿದ್ದ ಸಂದಿಗೆ ತೂರಿಸಿದ. ಒಳಗೆ ನೀರು ಗಾಜಿಗೆ ಬೀಳುವ ಸದ್ದು. ಅಂಗಿ ಪರ್‌ ಎಂದು ಹರಿಯಿತು. ಇಂಜಿನಿಯರಮ್ಮ ಒಂದು ಕೈಯಲ್ಲಿ ಅವನ ಕಾಲು, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದಳು. ಬೆರಳು ಕರೆಯ ಗುಂಡಿಯ ಮೇಲೇ ಇತ್ತು.

“ತುಂಬ್ತಾ?”

“ತುಂಬ್ತು, ತುಂಬ್ತು! ಎಳೀರಿ!”

ಜಾಡಿ ಬಿಸಿಲಿಗೆ ಬಂತು. ಹನಿಮಾವ ಕಣ್ಣು ಮುಚ್ಚಿಕೊಂಡಿದ್ದ. “ಕನ್ನಡಕ ಮೇಲೇ ಬಿಟ್ಟು ಬಂದೆ ಮೇಡಂ. ನೀವೇ ನೋಡಿ ಹೇಳಿ.”

ಅವಳು ಕೆಳಗಿನ ಮನೆಗಳ ಪಟ್ಟಿಯಿದ್ದ ನಮೂನೆಯ ಕೊನೆಯ ಪುಟವನ್ನು ಜಾಡಿಯ ಹಿಂದೆ ಹಿಡಿದು, ನೀರಿನೊಳಗಿಂದ ಗಟ್ಟಿಯಾಗಿ ಓದಿದಳು. “ಮೊದಲ ಸಾಲು. ಮನೆ ಒಂದು, ಮೂರು ಜನ. ಮನೆ ಎರಡು, ಆರು ಜನ. ಮನೆ ಮೂರು, ನೀಲಿ ಗೇಟು, ನಾಲ್ಕು ಜನ...” ಓದುತ್ತ ಓದುತ್ತ ಅವಳ ದನಿ ಏರಿತು. “ಒಂದೊಂದು ಅಕ್ಷರವೂ ಕಾಣ್ತಿದೆ ಯಜಮಾನ್ರೇ! ಚುಕ್ಕಿ ಕೂಡ ಕಾಣ್ತಿದೆ!”

ಹನಿಮಾವ ಕೂತಲ್ಲೇ ಹೋ ಎಂದು ನಕ್ಕ. ಅವಳೂ ನಕ್ಕಳು, ಫೋನನ್ನು ಚೀಲಕ್ಕೆಸೆದು ಕೆಸರಿನಲ್ಲೇ ಕೂತಳು. “ಇನ್ನೊಂದು ಸಲ ನೆಂಟರಿಗೆ ಅಂತ ತೊಟ್ಟಿ ತಿಕ್ಕಿದ್ರೆ ನೋಡಿ!”

“ಇನ್ನೆಲ್ಲಿ ಮೇಡಂ, ಬ್ರಷ್ಷು ಶನಿವಾರ ಬೇರೆಯವರ ಕೈಗೆ.” ಕಣ್ಣೊರೆಸಿಕೊಂಡ ಹನಿಮಾವ ಕಾಗದದತ್ತ ಬಾಗಿದ. “ನೀಲಿ ಗೇಟಿಗೆ ಎಷ್ಟಂತ ಓದಿದ್ರಿ?”

“ನಾಲ್ಕು. ಯಾಕೆ, ತಪ್ಪಾ?”

“ಅದೇ ನನ್ನ ಮಗಳ ಮನೆ. ಐದು ಮಾಡ್ಕೊಳ್ಳಿ.”

“ಐದನೆಯವರು ಯಾರು?”

“ನಾನೇ. ಕ್ವಾರ್ಟರ್ಸ್ ಖಾಲಿ ಮಾಡಿ ಭಾನುವಾರದಿಂದ ಅಲ್ಲೇ ಇರೋದು.”

ಅವಳು ನಾಲ್ಕನ್ನು ಹೊಡೆದುಹಾಕಿ ಐದು ಎಂದು ಬರೆದಳು. ಒದ್ದೆ ಕಾಗದದಲ್ಲಿ ಶಾಯಿ ಸ್ವಲ್ಪ ಹರಡಿತು. ಹನಿಮಾವ ಅದು ಒಣಗುವವರೆಗೂ ನೋಡುತ್ತಿದ್ದ. ಆಮೇಲೆ ಎದ್ದು, “ಇನ್ನೊಂದ್ಸಲ ನೋಡಿಬಿಡೋಣ ಮೇಡಂ” ಎಂದು ಜಾಡಿಯ ತಿಳಿನೀರನ್ನು ಚೆಲ್ಲಿ, ಮತ್ತೆ ಬಂಡೆಯ ಮೇಲೆ ಬೋರಲು ಮಲಗಿ ಸಂದಿಗೆ ಕೈ ತೂರಿಸಿದ.