ಅಂಚಿನ ಬಣ್ಣ

"ಈ ಅಂಚಿನ ಡಿಸೈನ್ ನಾನ ಮಾಡಿದ್ದರಿ ಸಾವಕಾರ್ರ," ಎಂದು ಜೊತೆಗೆ ಕೆಲಸ ಮಾಡುವ ಕೊಟ್ರೇಶ ಗೋಡೆಯ ದೊಡ್ಡ ತೆರೆಯತ್ತ ಕೈ ತೋರಿಸಿದಾಗ, ಕೀಲಿಮಣೆಯ ಮೇಲಿದ್ದ ಶಾಂಭವಿಯ ಬೆರಳುಗಳು ಸೆಟೆದು ನಿಂತವು. ಪಟ್ಟೆದಂಚು ಸೀರೆಯ ಆ ಕೆಂಪು ಅಂಚನ್ನು ಕಂಪ್ಯೂಟರಿನ ಪೈಥಾನ್ ಭಾಷೆಯಲ್ಲಿ ಬರೆದವಳು ಅವಳು. ತೆರೆಯಲ್ಲಿ ಅದರ ಕೆಳಗಿದ್ದದ್ದು ಕೊಟ್ರೇಶನ ಹೆಸರು. "ನೀ ಬರೇ ಕೀ ಒತ್ತು, ಮಾತು ನಾ ಆಡ್ತೀನಿ," ಎಂದು ಅವಳನ್ನು ಅಲ್ಲಿ ಕೂರಿಸಿದವನೂ ಅವನೇ.

ಗಜೇಂದ್ರಗಡದ ಆ ಸೀರೆ ಅಂಗಡಿಯ ಮಾಲೀಕ ಅಂದಾನೆಪ್ಪ ಮೆಚ್ಚಿ ತಲೆದೂಗಿದರು. ಶಾಂಭವಿ ತನ್ನ ಪ್ರೋಗ್ರಾಮಿಗೆ ಕೊಟ್ರೇಶ ಸೇರಿಸಿದ ಸಾಲುಗಳ ಮೇಲೆ ಕಣ್ಣಾಡಿಸಿದಳು. ಅದೇ ಪ್ರೋಗ್ರಾಮಿನೊಳಗೆ ಅವಳ ಡಿಸೈನನ್ನು ಬರೀ ಕಾಪಿ ಮಾಡಿ, ಹೆಸರು ಬದಲಿಸಿದ್ದ. ಹಾಗೆ ಮಾಡಿದರೆ ಹೊರಗಿನ ಹೆಸರಷ್ಟೇ ಹೊಸದು. ಒಳಗಿನ ಬಣ್ಣಗಳ ಪಟ್ಟಿ ಎರಡಕ್ಕೂ ಒಂದೇ. ಅದನ್ನೂ ಬೇರೆ ಮಾಡುವ ಡೀಪ್‌ಕಾಪಿ ಎಂಬ ಆಜ್ಞೆ, ಕದಿಯುವ ಅವಸರದಲ್ಲಿ ಅವನಿಗೆ ಹೊಳೆದಿರಲಿಲ್ಲ.

"ಸಾವಕಾರ್ರ, ನಾ ನನ್ನ ಸೀರಿ ಬಣ್ಣ ಬದ್ಲಿ ಮಾಡ್ತೀನ್ರಿ. ನೀವು ಅವಂದು ನೋಡ್ರಿ," ಎಂದು ತನ್ನ ಡಿಸೈನಿನ ಕೆಂಪನ್ನು ಹಸಿರು ಮಾಡಿದಳು. ತೆರೆಯ ಮೇಲೆ ಕೊಟ್ರೇಶನ ಅಂಚು ಹಸಿರಾಯಿತು.

"ಅವಂದ್ಯಾಕ ಬದಲಾತು?" ಅಂದಾನೆಪ್ಪ ಹುಬ್ಬು ಗಂಟಿಕ್ಕಿದರು.

"ಒಳಗಿಂದೆಲ್ಲಾ ನಂದ ಐತ್ರಿ, ಅದಕ್ಕ."

"ಸಾಕ ಬಿಡು ತಂಗಿ," ಕೊಟ್ರೇಶ ದನಿ ತಗ್ಗಿಸಿ ಬೇಡಿಕೊಂಡ.

"ಹೆಸರು ನಿಂದ ಇರ್ಲಿ ಅಣ್ಣಾ. ಅಂಚು ನಾ ಮತ್ತ ಮಾಡ್ಕೋತೀನಿ," ಎಂದ ಶಾಂಭವಿ, ತನ್ನ ಬಣ್ಣಗಳ ಪಟ್ಟಿಯನ್ನು ಪೂರ್ತಿ ಅಳಿಸಿಬಿಟ್ಟಳು. ತೆರೆಯ ಮೇಲೆ ಅಂಚಿಲ್ಲದ ಬೋಳು ಸೀರೆ, ಅದರ ಕೆಳಗೆ ಕೊಟ್ರೇಶನ ಹೆಸರು ಉಳಿದವು.